ನಲ್ಲಿಗೆ ಮೋಟರ್ ಹಾಕ್ಬೋದಾ ಸರ್? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಪ್ರಶ್ನೆ: ಸರ್, ನಮ್ಮ ಬೀದೀಲಿ ನೀರು ಬಿಡೋದೇ ವಾರಕ್ಕೊಂದ್ಸಲ. ಮುಂದಿನ ಮನೆಯವ್ರೆಲ್ಲ ನಲ್ಲಿ ಪೈಪಿಗೇ ಮೋಟರ್ ಕೂರ್ಸಿ ಎಳ್ಕೊಂಡ್ಬಿಡ್ತಾರೆ, ಕೊನೇಲಿರೋ ನಮ್ಗೆ ಒಂದು ಡ್ರಮ್ಮೂ ತುಂಬಲ್ಲ. ನಾವೂ ಹಾಕ್ಸೋಣ ಅಂತಾರೆ ನಮ್ಮನೆಯವ್ರು. ಇದ್ರ ಮೇಲೆ ಮೀಟರ್ ಬೇರೆ ಬರುತ್ತಂತೆ, ಬರದೇ ಇರೋ ನೀರಿಗೆ ಮೀಟರ್ ಯಾಕೆ?
– ಗೃಹಿಣಿ, ಕೋಲಾರ

ಉತ್ತರ: ಬೇಡ ಅಕ್ಕ, ಹಾಕ್ಸಬೇಡಿ. ಕಾನೂನು ಒಪ್ಪಲ್ಲ ಅನ್ನೋದು ಒಂದು ಕಡೆ ಇರ್ಲಿ, ನೀರು ಬಿಡದೇ ಇರೋ ದಿನ ಪೈಪು ಖಾಲಿ ಬಿದ್ದಿರುತ್ತೆ, ನಮ್ಮೂರುಗಳಲ್ಲಿ ಅದು ಹೋಗಿರೋದೇ ಚರಂಡಿ ಪಕ್ಕ, ಎಲ್ಲಾದ್ರೂ ಜಾಯಿಂಟ್ ಸಡಿಲ ಇದ್ರೆ ಮೋಟರ್ ಎಳೆಯೋವಾಗ ಚರಂಡಿ ನೀರೂ ಜೊತೆಗೇ ಬರುತ್ತೆ, ಆಮೇಲೆ ವಾಂತಿ ಭೇದಿ ಇಡೀ ಬೀದಿಗೆ. ನೀವು ಒಂದು ಹೆಚ್‌ಪಿ ಹಾಕಿದ್ರೆ ಮುಂದಿನವ್ರು ಎರಡು ಹಾಕ್ತಾರೆ, ಕೊನೇ ಮನೆ ಕೊನೇ ಮನೇನೇ. ಅದ್ರ ಬದ್ಲು ಬೀದಿಯವ್ರೆಲ್ಲ ಸೇರಿ ನಿಮ್ಮ ಕೊನೇ ಭಾಗಕ್ಕೆ ಬೇರೆ ವಾಲ್ವ್ ಕೊಡಿ, ಬೇರೆ ಟೈಮಲ್ಲಿ ಬಿಡಿ ಅಂತ ನಗರಸಭೆಗೆ ಅರ್ಜಿ ಕೊಡಿ.

ಮೀಟರ್ ವಿಷ್ಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ಖಾಲಿ ಪೈಪಿಗೆ ನೀರು ನುಗ್ಗೋವಾಗ ಮೊದ್ಲು ಗಾಳಿ ಬರುತ್ತಲ್ಲ, ಮೀಟರ್ ಅದಕ್ಕೂ ತಿರುಗುತ್ತೆ! ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ದಿನದ 24 ಗಂಟೆ ನೀರು ಕೊಟ್ರು, ಹೊಸ ಪೈಪ್ ಹಾಕಿ ಲೀಕ್ ನಿಲ್ಲಿಸಿದ್ರಿಂದ್ಲೇ ಅಲ್ಲಿ ಮೀಟರಿಗೆ ಅರ್ಥ ಬಂತು. ಪೈಪ್ ಹಳೇದೇ ಇಟ್ಟು ಮೀಟರ್ ಮಾತ್ರ ಹೊಸದು ಅಂದ್ರೆ ಜನ ಒಪ್ಪಲ್ಲ, ಒಪ್ಪಲೂಬಾರ್ದು.

ಆದ್ರೆ ನಮ್ಮಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ ಅನ್ನೋದೂ ನಿಜ. ಕೋಲಾರ, ಮಾಲೂರು, ಬಂಗಾರಪೇಟೆಗೆ ಅಂತ ಕಟ್ಟಿದ ಯರಗೋಳ್ ಡ್ಯಾಮ್ ಉದ್ಘಾಟನೆ ಆಗಿದ್ದೇ 2023ರಲ್ಲಿ. 2018ರಿಂದ ಕೆರೆಗಳಿಗೆ ಬರ್ತಿರೋ ಕೆಸಿ ವ್ಯಾಲಿ ನೀರು ಬೆಂಗಳೂರಿನ ಚರಂಡಿ ನೀರನ್ನ ಎರಡೇ ಹಂತ ಶುದ್ಧ ಮಾಡಿದ್ದು, ಅಂತರ್ಜಲಕ್ಕೆ ಅಂತ ಬಿಡೋದು, ನಲ್ಲಿಗಲ್ಲ. ಹಾಗಾಗಿ ತಾರಸಿ ನೋಡ್ಕೊಳ್ಳಿ: ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಬಿದ್ರೆ ಒಂದು ಲೀಟರ್. ನಮ್ಮ ಕಡೆ ವರ್ಷಕ್ಕೆ ಸುಮಾರು 700 ಮಿ.ಮೀ. ಅಂದ್ಕೊಂಡ್ರೂ 100 ಚದರ ಮೀಟರ್ ತಾರಸೀಲಿ 70,000 ಲೀಟರ್, ಪೋಲಾಗೋದು ಕಳೆದ್ರೂ 55,000 ಸಿಗುತ್ತೆ. ಮೊದಲ ಮಳೆ ನೀರು ಧೂಳು, ಅದನ್ನ ಹೊರಗೆ ಬಿಟ್ಟು ಆಮೇಲಿನದನ್ನ ಫಿಲ್ಟರ್ ಮಾಡಿ ಸಂಪಿಗೆ ಬಿಡಿ. ಇನ್ನೊಂದು, ನೀರು ಬಿಟ್ಟ ದಿನ ಡ್ರಮ್ಮಲ್ಲಿರೋ ಹಳೇ ನೀರನ್ನ ಚೆಲ್ಲೋ ಚಾಳಿ ಬಿಡಿ. ನೀರೇನು ಸಾರಲ್ಲ ಹಳಸೋಕೆ, ಬಟ್ಟೆಗೋ ಗಿಡಕ್ಕೋ ಬಳಸಿ ಡ್ರಮ್ ಉಜ್ಜಿ ಮುಚ್ಚಿಡಿ.

ಪ್ರಶ್ನೆ: ನಮ್ಮೂರ ಬೋರ್ ನೀರಲ್ಲಿ ಫ್ಲೋರೈಡ್ ಇದೆ ಅಂತಾರೆ. ಕುದಿಸಿ ಕುಡಿದ್ರೆ ಹೋಗುತ್ತಾ?
– ಬಾಗೇಪಲ್ಲಿಯ ಓದುಗ

ಉತ್ತರ: ಹೋಗಲ್ಲ ಸ್ವಾಮಿ. ನೀರು ಆವಿಯಾಗುತ್ತೆ, ಫ್ಲೋರೈಡ್ ಉಳಿಯುತ್ತೆ, ಕುದಿಸಿದಷ್ಟೂ ಗಟ್ಟಿ. ಲೀಟರಿಗೆ 1 ಮಿ.ಗ್ರಾಂ ಒಳಗಿರ್ಬೇಕು, ಬೇರೆ ದಾರಿನೇ ಇಲ್ಲದಿದ್ರೆ 1.5 ತನಕ, ಒಮ್ಮೆ ಟೆಸ್ಟ್ ಮಾಡ್ಸಿ. ಸರಿಯಾಗಿ ಹಿಡಿದ ಮಳೆ ನೀರಲ್ಲಿ ಈ ಕಾಟ ಇಲ್ಲ. ಮನೇಲಿ ಆರ್‌ಓ ಇದ್ರೆ ಪಕ್ಕದ ಪೈಪಿಂದ ಹೊರಗೆ ಹೋಗೋ ನೀರಿಗೆ ಬಕೆಟ್ ಇಡಿ, ನೆಲ ಒರೆಸೋಕೆ, ಕಕ್ಕಸಿಗೆ ಆಗುತ್ತೆ. ಅಡುಗೆಗೆ ಮಾತ್ರ ಬೇಡ, ಫ್ಲೋರೈಡ್ ಅದ್ರಲ್ಲೇ ಜಾಸ್ತಿ.