ಮರದ ಸ್ಪಿಯರ್‌ಗನ್ ಮನೆಯಲ್ಲೇ ಮಾಡಿಕೊಳ್ಳಬಹುದಾ?

ನೀವು ಕೇಳಿದ್ದು ಮೂರು. ಕಾರವಾರದ ಕಡೆ ಉಸಿರು ಕಟ್ಟಿ ಮುಳುಗಿ ಮೀನು ಹೊಡೆಯಲು ಮರದ ಸ್ಪಿಯರ್‌ಗನ್ (ರಬ್ಬರಿನ ಎಳೆತದಿಂದ ಈಟಿ ಹಾರಿಸುವ ಗನ್) ಮನೆಯಲ್ಲೇ ಮಾಡಬಹುದಾ, ಯಾವ ಮರ ತಗೊಳ್ಳಬೇಕು, ಟ್ರಿಗರ್ ಕೂಡ ನೀವೇ ಮಾಡಬಹುದಾ.

ಮಾಡಬಹುದು, ನಾನು ಬಳಸುತ್ತಿರುವುದೂ ಮನೆಯಲ್ಲಿ ಮಾಡಿದ್ದೇ. ಆದರೆ ಟ್ರಿಗರ್ ಮಾತ್ರ ಬೇಡ. ರಬ್ಬರ್ ಎಳೆದು ಸಿಕ್ಕಿಸಿದ ಮೇಲೆ ಅದರ ಪೂರ್ತಿ ಎಳೆತ ಒಂದು ಸಣ್ಣ ಹಲ್ಲಿನ ಮೇಲೆ ನಿಂತಿರುತ್ತದೆ. ಲೇತ್ ಅಂಗಡಿಯಲ್ಲಿ ಕೊರೆಸಿದ ಹಲ್ಲು ಸ್ವಲ್ಪ ಸವೆದರೂ ಸಾಕು, ಈಟಿ ತಾನಾಗಿಯೇ ಹಾರುತ್ತದೆ, ಮುಂದೆ ಯಾರಿದ್ದಾರೆ ಅಂತ ನೋಡುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನ ರೆಡಿಮೇಡ್ ಟ್ರಿಗರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ದುಡ್ಡು ಜಾಸ್ತಿಯಾದರೂ ಅದನ್ನೇ ತರಿಸಿ. ಈಟಿ, ರಬ್ಬರ್ ಕೂಡ ಕೊಂಡುಕೊಳ್ಳುವ ವಸ್ತುಗಳೇ. ನಿಮ್ಮ ಕೈಗೆ ಉಳಿಯುವುದು ಮರದ ಕೆಲಸ, ಅದೇ ಬೇಕಾದಷ್ಟಿದೆ.

ಮರ ಅಂದರೆ ಸಾಗವಾನಿ, ಬೇರೆ ಯೋಚನೆ ಬೇಡ. ಮತ್ತಿ, ಹೊನ್ನೆ ಗಟ್ಟಿ ನಿಜ, ಆದರೆ ಭಾರ. ಹೊಸ ಮರಕ್ಕಿಂತ ಶಿರಸಿ, ಸಿದ್ದಾಪುರದ ಕಡೆ ಹಳೆ ಮನೆ ಬಿಚ್ಚಿದಾಗ ಸಿಗುವ ಮರ ಒಳ್ಳೆಯದು, ಎಷ್ಟೋ ವರ್ಷ ಒಣಗಿ ಡೊಂಕಾಗುವುದೆಲ್ಲ ಆಗಿ ಮುಗಿದಿರುತ್ತದೆ. ಮೊಳೆ ಇದೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ಕೀಸುಳಿಯ ಬಾಯಿ ಹೋಗುತ್ತದೆ. ಎಲ್ಲಿ ತಗೊಂಡರೂ ಬಿಲ್ ಕೇಳಿ. ಸಾಗವಾನಿಗೆ ಕಾಗದ ಇಲ್ಲ ಅಂದರೆ ಅರಣ್ಯ ಇಲಾಖೆಯವರಿಗೆ ಉತ್ತರ ಹೇಳುವುದು ಕಷ್ಟ.

ಒಂದೇ ತುಂಡಿನಲ್ಲಿ ಕೆತ್ತಬೇಡಿ. ಇಲ್ಲಿಯ ಮಳೆಗಾಲದ ಹವೆಗೆ ಒಂಟಿ ತುಂಡು ಯಾವ ಕಡೆ ಬಾಗುತ್ತದೋ ಹೇಳಲಾಗದು, ಒಂದೆರಡು ಮಿ.ಮೀ. ಬಾಗಿದರೂ ಈಟಿ ಮೀನಿನ ತಲೆಯ ಮೇಲಿಂದ ಹೋಗುತ್ತದೆ. ಅದರ ಮೇಲೆ ರಬ್ಬರ್ ಮರದ ಮೇಲ್ಭಾಗದಲ್ಲೇ ಎಳೆಯುವುದರಿಂದ ಬಗ್ಗಿಸುವ ಒತ್ತಡ ಯಾವಾಗಲೂ ಇರುತ್ತದೆ. ಹಾಗಾಗಿ ಸುಮಾರು 12 ಮಿ.ಮೀ. ದಪ್ಪದ ಮೂರು ಪಟ್ಟಿ ಸೀಳಿಸಿ, ನಡುವಿನದನ್ನು ತುದಿ ಬುಡ ತಿರುಗಿಸಿ ಇಟ್ಟು ಅಂಟಿಸಿ. ಆಗ ಒಂದು ಬಾಗಲು ನೋಡಿದರೆ ಇನ್ನೊಂದು ಬಿಡುವುದಿಲ್ಲ. ಸಾಗವಾನಿಯಲ್ಲಿ ಎಣ್ಣೆ ಇರುತ್ತದಲ್ವಾ, ಅದಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಂಟಿಸುವ ಸ್ವಲ್ಪ ಮುಂಚೆ ಅಸಿಟೋನ್‌ನಿಂದ ಒರೆಸಿ, ಎಪಾಕ್ಸಿ ಹಚ್ಚಿ, ಸಮತಟ್ಟಾದ ಹಲಗೆಯ ಮೇಲೆ ಸಾಲಾಗಿ ಕ್ಲ್ಯಾಂಪ್ ಹಾಕಿ ಒಂದು ದಿನ ಮುಟ್ಟಬೇಡಿ. ಕ್ಲ್ಯಾಂಪ್ ಕಡಿಮೆ ಬಿದ್ದರೆ ಆಚಾರಿ ಹತ್ತಿರ ಕೇಳಿ ತನ್ನಿ. ಈ ಕೆಲಸ ಮಳೆಗಾಲದಲ್ಲಿ ಬೇಡವೇ ಬೇಡ. ಬಿಚ್ಚಿದ ಮೇಲೆ ತುದಿಯಿಂದ ತುದಿಗೆ ದಾರ ಬಿಗಿದು ನೋಡಿ.

ಈಟಿ ಕೂರುವ ಕಾಲುವೆಯ ಆಳ ಈಟಿಯ ಅರ್ಧದಷ್ಟಿದ್ದರೆ ಸಾಕು, ಅಂದರೆ 7 ಮಿ.ಮೀ. ಈಟಿಗೆ ಮೂರೂವರೆ. ರೂಟರ್ (ಮರದಲ್ಲಿ ಕಾಲುವೆ ಕೊರೆಯುವ ಯಂತ್ರ) ಇದ್ದರೆ ಸುಲಭ, ಇಲ್ಲದಿದ್ದರೆ ದುಂಡು ಬಾಯಿಯ ಉಳಿ. ಕೊನೆಗೆ ಒಂದು ಸರಳಿಗೆ ಮರಳು ಕಾಗದ ಸುತ್ತಿ ಉದ್ದಕ್ಕೂ ಉಜ್ಜಿ. ಬೇಜಾರಿನ ಕೆಲಸ, ಆದರೆ ಗುರಿ ನಿಲ್ಲುವುದು ಇಲ್ಲೇ.

ಉದ್ದದ ಆಸೆ ಬೇಡ. ವಿಡಿಯೋಗಳಲ್ಲಿ ಕಾಣುವ ಉದ್ದನೆಯ ಗನ್‌ಗಳು ತಿಳಿ ನೀರಿನವು. ನಮ್ಮಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ ನೀರು ಕೆಸರು, ಮೀನು ಕಾಣುವಷ್ಟರಲ್ಲಿ ಅದು ಮೂಗಿನ ಮುಂದೆಯೇ ಇರುತ್ತದೆ. ಒಟ್ಟು 100 ಸೆಂ.ಮೀ. ಒಳಗೆ ಇರಲಿ, 16 ಮಿ.ಮೀ. ರಬ್ಬರ್ ಒಂದೇ ಸಾಕು. ಬಂಡೆ ಸಂದಿಯ ಮೀನಿಗೆ ಇದೇ ಸರಿ, ಇಸ್ವಾಣದ (ಅಂಜಲ್ ಮೀನಿನ) ಹಿಂದೆ ಹೋಗುವವರ ಲೆಕ್ಕ ಬೇರೆ.

ಟ್ರಿಗರ್ ಕೂರುವ ಗುಂಡಿಗೂ ಎರಡು ತುದಿಗಳಿಗೂ ಎಪಾಕ್ಸಿ ಚೆನ್ನಾಗಿ ಕುಡಿಸಿ, ನೀರು ಒಳಗೆ ಹೋಗುವುದು ಅಲ್ಲಿಂದಲೇ. ಉಳಿದ ಕಡೆ ಅಗಸೆ ಎಣ್ಣೆ ಸಾಕು, ನನಗಂತೂ ಕೈಗೆ ಅದೇ ಹಿತ.

ನೀರಿನ ಹೊರಗೆ ರಬ್ಬರ್ ಎಳೆದು ಲೋಡ್ ಮಾಡಬೇಡಿ, ಅಂಗಳದಲ್ಲಿ ಒಂದು ಸಲ ನೋಡೋಣ ಅಂತಲೂ ಬೇಡ. ಒಬ್ಬರೇ ಮುಳುಗಬೇಡಿ, ಮೇಲೆ ಬರುವಾಗ ಪ್ರಜ್ಞೆ ತಪ್ಪಿದರೆ ಹಿಡಿಯುವವರು ಬೇಕು. ಸೀಬರ್ಡ್ ನೌಕಾನೆಲೆಯ ಹತ್ತಿರ ಸುಳಿಯಬೇಡಿ. ಎಲ್ಲಿ ಹೊಡೆಯಬಹುದು ಅಂತ ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿ.

ಕೊನೆಯ ಪರೀಕ್ಷೆ ಸಮುದ್ರದಲ್ಲೇ ಮಾಡಿ, ಬಾವಿ ನೀರಿನಲ್ಲಿ ಬೇಡ, ಉಪ್ಪು ನೀರು ಸ್ವಲ್ಪ ಜಾಸ್ತಿ ತೇಲಿಸುತ್ತದೆ. ಈಟಿ ಇದ್ದಾಗ ಗನ್ ನಿಧಾನವಾಗಿ ಮುಳುಗಬೇಕು, ಈಟಿ ಬಿಟ್ಟ ಮೇಲೆ ತೇಲಬೇಕು. ಈಟಿ ಇದ್ದಾಗಲೂ ತೇಲಿದರೆ ಹಿಡಿಯ ಹತ್ತಿರ ಸ್ವಲ್ಪ ಸೀಸ ಹುದುಗಿಸಿ. ಬರಿ ಗನ್ನೇ ಮುಳುಗಿದರೆ ಅಡಿಭಾಗ ಕೀಸಿ ಉಪಯೋಗವಿಲ್ಲ, ಮರವೇ ಭಾರದ್ದು, ಬೇರೆ ಪಟ್ಟಿ ಹುಡುಕಬೇಕಾಗುತ್ತದೆ.