ಓದುಗರ ಪ್ರಶ್ನೆ, ನಮ್ಮ ಉತ್ತರ: ಅಗಲಿದವನ ಹತ್ತು ಪತ್ರಗಳು

ಪ್ರಶ್ನೆ: ಐರ್ಲೆಂಡಿನ ಲೇಖಕಿ ಸಿಸಿಲಿಯಾ ಅಹರ್ನ್ ಅವರ ‘ಪಿ.ಎಸ್. ಐ ಲವ್ ಯೂ’ ಕಾದಂಬರಿಯನ್ನು ಓದಿ ಮುಗಿಸಿದೆ. ತೀರಿಹೋದ ಗಂಡ ತನ್ನ ಹೆಂಡತಿಗಾಗಿ ತಿಂಗಳಿಗೊಂದರಂತೆ ಪತ್ರಗಳನ್ನು ಬರೆದಿಟ್ಟು ಹೋಗಿರುತ್ತಾನೆ. ಓದುವಾಗ ಬಹಳ ಅತ್ತೆ. ಆದರೆ ಸತ್ತ ಮೇಲೂ ಗಂಡನೇ ಹೆಂಡತಿಯ ಬದುಕನ್ನು ನಡೆಸಬೇಕೆ ಎಂಬ ಕಸಿವಿಸಿ ಇನ್ನೂ ಹೋಗಿಲ್ಲ. ತಮಗೆ ಏನನ್ನಿಸುತ್ತದೆ?
– ಓದುಗರೊಬ್ಬರು, ಧಾರವಾಡ

ಉತ್ತರ: ತಮ್ಮ ಕಸಿವಿಸಿ ನ್ಯಾಯವಾದದ್ದೇ. ಮಿದುಳಿನ ಗೆಡ್ಡೆಯಿಂದ ತೀರಿಕೊಂಡ ಜೆರ್ರಿ, ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ತಿಂಗಳ ಮೊದಲ ದಿನ ಒಡೆಯಬೇಕಾದ ಹತ್ತು ಲಕೋಟೆಗಳನ್ನು ಬಿಟ್ಟು ಹೋಗಿದ್ದಾನೆ. ಮೂವತ್ತರ ಹೊಸ್ತಿಲಲ್ಲಿರುವ ಅವನ ಹೆಂಡತಿ ಹಾಲಿ, ಅವನು ಹೇಳಿದಂತೆಯೇ ನಡೆಯುತ್ತಾಳೆ. ಕಾಯಿಲೆಯಲ್ಲಿದ್ದಾಗಲೇ ಅವನು ಅವಳ ಪ್ರವಾಸಕ್ಕೂ ಏರ್ಪಾಡು ಮಾಡಿಟ್ಟಿದ್ದಾನೆ. ತಿಂಗಳುಗಳಾಚೆ ಅವಳ ಮನಸ್ಸು ಹೇಗಿರುತ್ತದೆ ಎಂಬುದನ್ನು ಇಷ್ಟು ನಿಖರವಾಗಿ ಊಹಿಸಬಲ್ಲ ಗಂಡ ಕಾದಂಬರಿಯಲ್ಲಿ ಮಾತ್ರ ಸಿಗುತ್ತಾನೆ. ಕೃತಿ 2004ರಲ್ಲಿ ಪ್ರಕಟವಾಯಿತು. ಇದನ್ನು ಬರೆಯುವಾಗ ಅಹರ್ನ್ ಅವರಿಗೆ ಇಪ್ಪತ್ತೊಂದು ವರ್ಷ. ಪತ್ರಗಳ ಮೇಲಿಟ್ಟ ಆ ತುಂಬು ನಂಬಿಕೆಯಲ್ಲಿ ಅವರ ಎಳೆಯ ಪ್ರಾಯ ಕಾಣುತ್ತದೆ.

ಆದರೂ ಆ ಪತ್ರಗಳು ಏನನ್ನು ಕೇಳುತ್ತವೆ ಎಂಬುದನ್ನು ತಾವು ಮತ್ತೊಮ್ಮೆ ಗಮನಿಸಬೇಕು. ರಾತ್ರಿ ದೀಪ ಆರಿಸಲು ಯಾರು ಎದ್ದು ಹೋಗಬೇಕು ಎಂದು ಆ ದಂಪತಿ ಜಗಳವಾಡುತ್ತಿದ್ದರು. ಕತ್ತಲಲ್ಲಿ ಹಾಸಿಗೆಗೆ ಮರಳುವಾಗ ಹಾಲಿ ಎಡವಿ ಪೆಟ್ಟು ಮಾಡಿಕೊಳ್ಳುತ್ತಿದ್ದಳು. ಅವನು ಮೊಟ್ಟಮೊದಲು ಹೇಳುವುದು ಹಾಸಿಗೆಯ ಪಕ್ಕಕ್ಕೊಂದು ದೀಪ ಕೊಂಡುಕೋ ಎಂದು. ಅದೇ ಜೆರ್ರಿ ಕೊನೆಯ ಪತ್ರದಲ್ಲಿ, ಮತ್ತೆ ಪ್ರೀತಿಸಲು ಹೆದರಬೇಡ ಎಂದು ಬರೆಯುತ್ತಾನೆ. ಅಧಿಕಾರ ಚಲಾಯಿಸುವವನು ತನ್ನ ಅಧಿಕಾರ ಮುಗಿಯುವ ದಿನವನ್ನು ತಾನೇ ಗೊತ್ತುಮಾಡುವುದು ಅಪರೂಪ. ಡಿಸೆಂಬರ್ ಆದ ಮೇಲೆ ಒಡೆಯಲು ಲಕೋಟೆ ಇರುವುದಿಲ್ಲವೆಂಬುದು ಹಾಲಿಗೆ ಮೊದಲಿನಿಂದಲೂ ಗೊತ್ತಿರುವ ಕಾರಣ, ಪ್ರತಿ ಪತ್ರದ ಸಂತೋಷದಲ್ಲೂ ಇನ್ನೊಂದು ಕಡಿಮೆಯಾಯಿತೆಂಬ ಸಂಕಟ ಬೆರೆತಿರುತ್ತದೆ. ನಮ್ಮ ಅನೇಕ ಮನೆಗಳಲ್ಲಿ ಸಾವಿನ ಮೊದಲ ವರ್ಷವನ್ನು ಮಾಸಿಕಗಳಿಂದ ಎಣಿಸಿ ವರ್ಷಾಬ್ದಿಕಕ್ಕೆ ಬಂದು ನಿಲ್ಲುವ ಕ್ರಮವನ್ನು ಬಲ್ಲ ಕನ್ನಡದ ಓದುಗರಿಗೆ ಈ ತಿಂಗಳ ಲೆಕ್ಕ ಅಪರಿಚಿತವೆನಿಸದು.

ಇನ್ನೊಂದು ಮಾತನ್ನು ನಾನು ಒತ್ತಿ ಹೇಳಬಯಸುತ್ತೇನೆ. ಈ ಕಾದಂಬರಿಯ ನಿಜವಾದ ಶಕ್ತಿ ಎರಡು ಪತ್ರಗಳ ನಡುವಿನ ದಿನಗಳಲ್ಲಿದೆ. ಮೊದಲ ಪುಟದಲ್ಲೇ ಹಾಲಿ ಗಂಡನ ನೀಲಿ ಸ್ವೆಟರನ್ನು ಮುಖಕ್ಕೊತ್ತಿಕೊಂಡು ಅದರ ವಾಸನೆಯಲ್ಲಿ ಅವನನ್ನು ಹುಡುಕುತ್ತಾಳೆ. ಅಂಥ ದಿನಗಳನ್ನು ಅವಳು ಯಾವ ಪತ್ರದ ನೆರವೂ ಇಲ್ಲದೆ ಕಳೆಯಬೇಕು. ಅವಳ ಅಣ್ಣ ರಿಚರ್ಡ್ ಬಿಗಿ ಸ್ವಭಾವದವನು, ಅವಳಿಗೆ ಅಷ್ಟಾಗಿ ಹಿಡಿಸದವನು. ಹಾಳು ಬಿದ್ದಿದ್ದ ಅವಳ ಕೈತೋಟವನ್ನು ಯಾರೋ ಸದ್ದಿಲ್ಲದೆ ಹಸನು ಮಾಡುತ್ತಿರುತ್ತಾರೆ; ಆ ಯಾರೋ ರಿಚರ್ಡ್ ಎಂದು ತಿಳಿಯುವ ಭಾಗ ನನಗೆ ಹತ್ತು ಪತ್ರಗಳಿಗಿಂತಲೂ ಆಳವಾಗಿ ತಾಗಿತು. ಜೆರ್ರಿಯ ಪತ್ರಗಳು ಹಾಲಿಯನ್ನು ಮನೆಯಿಂದ ಹೊರಗೆ ತಂದವು ಎಂಬುದು ನಿಜ, ಆದರೆ ಹೊರಗೆ ಬಂದವಳನ್ನು ಹಿಡಿದು ನಿಲ್ಲಿಸಿದವರು ಬದುಕಿರುವವರು. ಆ ಕಣ್ಣಿನಿಂದ ಮತ್ತೊಮ್ಮೆ ಓದಿದರೆ ತಮ್ಮ ಕಸಿವಿಸಿ ಸ್ವಲ್ಪವಾದರೂ ತಗ್ಗೀತು.

ಪ್ರಶ್ನೆ: ಇದೇ ಹೆಸರಿನ ಸಿನಿಮಾ ನೋಡಿದ್ದೇನೆ. ಪುಸ್ತಕವನ್ನೂ ಓದಬೇಕೇ? ಮುಂದಿನ ಭಾಗವೂ ಇದೆಯಂತೆ.
– ಓದುಗರೊಬ್ಬರು, ತುಮಕೂರು

ಉತ್ತರ: ಖಂಡಿತ ಓದಿ. 2007ರ ಸಿನಿಮಾ ಕಥೆಯನ್ನು ಡಬ್ಲಿನ್‌ನಿಂದ ನ್ಯೂಯಾರ್ಕಿಗೆ ಸಾಗಿಸಿತು. ಹಾಲಿಯ ತುಂಬು ಕುಟುಂಬದ ಬದಲು ಅಲ್ಲಿ ತಾಯಿ ಮತ್ತು ತಂಗಿ ಮಾತ್ರ ಉಳಿದರು, ರಿಚರ್ಡ್ ಇಲ್ಲವೇ ಇಲ್ಲ. 2019ರಲ್ಲಿ ಬಂದ ‘ಪೋಸ್ಟ್‌ಸ್ಕ್ರಿಪ್ಟ್’ನಲ್ಲಿ ಏಳು ವರ್ಷ ಕಳೆದಿವೆ. ಸಾವಿನ ಸಮೀಪದಲ್ಲಿರುವ ಕೆಲವರು ತಮ್ಮವರಿಗಾಗಿ ಹಾಗೆಯೇ ಸಂದೇಶಗಳನ್ನು ಬಿಟ್ಟುಹೋಗಲು ಹಾಲಿಯ ನೆರವು ಕೇಳುತ್ತಾರೆ. ಅದನ್ನು ಎರಡನೆಯದಾಗಿಯೇ ಓದುವುದು ಒಳ್ಳೆಯದು.

ಪ್ರಶ್ನೆ: ನನ್ನ ಚಿಕ್ಕಪ್ಪ ಕೆಲವು ತಿಂಗಳ ಹಿಂದೆ ತೀರಿಕೊಂಡರು. ಚಿಕ್ಕಮ್ಮ ಅವರ ಫೋಟೋದ ಮುಂದೆ ಕುಳಿತು ದಿನದ ಸುದ್ದಿಯನ್ನೆಲ್ಲ ಹೇಳುತ್ತಾರೆ. ಮನೆಯವರು ಗಾಬರಿಯಾಗಿದ್ದಾರೆ. ಅವರಿಗೆ ಈ ಕಾದಂಬರಿಯನ್ನು ಕೊಡಬಹುದೇ?
– ಓದುಗರೊಬ್ಬರು, ಸಾಗರ

ಉತ್ತರ: ಮೊದಲು ಗಾಬರಿಯ ವಿಷಯ. ಅಗಲಿದವರನ್ನು ಮನಸ್ಸಿನಿಂದ ಬಿಟ್ಟುಕೊಟ್ಟರೆ ಮಾತ್ರ ದುಃಖ ಕಳೆಯುತ್ತದೆ ಎಂಬ ಅಭಿಪ್ರಾಯ ಮನಶ್ಶಾಸ್ತ್ರದಲ್ಲಿ ಬಹುಕಾಲ ಪ್ರಬಲವಾಗಿತ್ತು. 1996ರಲ್ಲಿ ಡೆನಿಸ್ ಕ್ಲಾಸ್ ಮತ್ತು ಅವರ ಸಂಗಡಿಗರು ಸಂಪಾದಿಸಿದ ಗ್ರಂಥ ಇದನ್ನು ಪ್ರಶ್ನಿಸಿ, ತೀರಿಹೋದವರೊಡನೆ ಒಳಗಿನ ನಂಟನ್ನು ಉಳಿಸಿಕೊಂಡೇ ಅನೇಕರು ಆರೋಗ್ಯವಾಗಿ ಬದುಕುತ್ತಾರೆ ಎಂದು ವಾದಿಸಿತು. ಚಿಕ್ಕಮ್ಮ ಊಟ, ನಿದ್ದೆ, ಮನೆಯ ಕೆಲಸಗಳನ್ನು ನಿಭಾಯಿಸುತ್ತಿದ್ದರೆ ಆ ಮಾತುಕತೆಗೆ ಅಡ್ಡಿಪಡಿಸಬೇಡಿ. ಅವು ತಪ್ಪುತ್ತಿದ್ದರೆ, ಅಥವಾ ತಾನೂ ಹೋಗಿಬಿಡಬೇಕೆಂಬ ಮಾತು ಬಂದರೆ, ತಡಮಾಡದೆ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ಪುಸ್ತಕವನ್ನು ಈಗಲೇ ಕೊಡಬೇಡಿ. ಜೆರ್ರಿ ಬರೆದಿಟ್ಟು ಹೋದ. ತಮ್ಮ ಚಿಕ್ಕಪ್ಪನವರಿಗೆ ಆ ಅವಕಾಶ ಸಿಕ್ಕಿತೋ ಇಲ್ಲವೋ. ಪತ್ರವಿಲ್ಲದ ಮನೆಯಲ್ಲಿ ಈ ಕಥೆ, ನನಗೇಕೆ ಅವರು ಒಂದು ಸಾಲನ್ನೂ ಬಿಡಲಿಲ್ಲ ಎಂಬ ಹೊಸ ನೋವನ್ನು ಹುಟ್ಟಿಸಬಹುದು. ಅದರ ಬದಲು ಚಿಕ್ಕಪ್ಪನವರು ನೋಡಿಕೊಳ್ಳುತ್ತಿದ್ದ ಕೆಲಸಗಳಲ್ಲಿ ಒಂದನ್ನು, ಬ್ಯಾಂಕಿನದೋ ಹಿತ್ತಿಲಿನದೋ, ತಾವು ವಹಿಸಿಕೊಂಡು ತಪ್ಪದೆ ನಡೆಸಿ. ಓದಲು ಏನಾದರೂ ಇದೆಯೇ ಎಂದು ಚಿಕ್ಕಮ್ಮ ತಾವಾಗಿಯೇ ಕೇಳಿದಾಗ ಕಾದಂಬರಿಯನ್ನು ಕೊಡಬಹುದು. ಆಗಲೂ, ಗಂಡನನ್ನು ಕಳೆದುಕೊಂಡವಳ ಕಥೆಯಿದು, ಬೇಡವೆನ್ನಿಸಿದಲ್ಲಿ ಮುಚ್ಚಿಡಿ ಎಂದು ಮೊದಲೇ ತಿಳಿಸಿ.