ಕೋವಿಡ್ ಟೈಮಲ್ಲಿ ಮಕ್ಕಳ ಲಸಿಕೆ ಕಡ್ಡಾಯ ಮಾಡ್ಬೇಕಿತ್ತಾ?

ಆಗ ಸರ್ಕಾರ ಯಾಕೆ ಕಡ್ಡಾಯ ಮಾಡ್ಲಿಲ್ಲ, ಮುಂದೆ ಇಂಥ ರೋಗ ಬಂದ್ರೆ ಮಾಡ್ಬೇಕಾ ಅಂತ ಕೇಳಿದೀರ. ನಾನಿರೋದು ಮುಂಬೈ ಚೆಂಬೂರಲ್ಲಿ, ಆಗ ಮಗಳು ಹತ್ತನೇ ಕ್ಲಾಸು, ಹಾಗಾಗಿ ಇದೆಲ್ಲ ಕಣ್ಣೆದುರೇ ನಡೆದಿದ್ದು. ಕಡ್ಡಾಯ ಬೇಡ ಅನ್ನೋಳು ನಾನು, ಆದ್ರೆ ಕಡ್ಡಾಯ ಅಲ್ವಲ್ಲ ಅಂತ ಸರ್ಕಾರ ಕೈಕಟ್ಟಿ ಕೂರೋದೂ ಬೇಡ.

ಕೋವಿಡ್ ಲಸಿಕೆ 2021 ಜನವರಿ 16ಕ್ಕೆ ಆಸ್ಪತ್ರೆ ಸಿಬ್ಬಂದಿಯಿಂದ ಶುರುವಾಗಿ ವಯಸ್ಸಾದೋರು, 45 ದಾಟಿದೋರು, 18 ದಾಟಿದೋರು ಅಂತ ಇಳೀತಾ ಇಳೀತಾ 15ರಿಂದ 18ರ ಮಕ್ಕಳ ಸರದಿ ಬಂದಿದ್ದು 2022 ಜನವರಿ 3ಕ್ಕೆ, ಅದೂ ಕೋವ್ಯಾಕ್ಸಿನ್ ಮಾತ್ರ. 12ರಿಂದ 14ರೋರಿಗೆ ಮಾರ್ಚ್ 16ರಿಂದ ಕೋರ್ಬೆವ್ಯಾಕ್ಸ್. ಇನ್ನೂ ಚಿಕ್ಕೋರಿಗೆ ಏಪ್ರಿಲಲ್ಲಿ ತುರ್ತು ಬಳಕೆಗೆ ಒಪ್ಪಿಗೆ ಏನೋ ಸಿಕ್ತು, ಸರ್ಕಾರಿ ಅಭಿಯಾನಕ್ಕೆ ಮಾತ್ರ ಸೇರಿಸ್ಲೇ ಇಲ್ಲ. ಮಕ್ಕಳನ್ನ ಕೊನೇಲಿ ಇಟ್ರಲ್ಲ ಅಂತ ಬೈದೋರು ಬೇಕಾದಷ್ಟಿದ್ರು, ನಂಗಂತೂ ಆ ಕ್ರಮ ಸರಿ ಅನ್ಸುತ್ತೆ, ಜಾಸ್ತಿ ಸಾಯ್ತಿದ್ದೋರು ವಯಸ್ಸಾದೋರು, ಮೊದಮೊದಲು ಡೋಸೇ ಸಾಕಾಗ್ತಿರ್ಲಿಲ್ಲ.

ಕಾಗದದ ಮೇಲೆ ಅದು ಯಾವತ್ತೂ ಕಡ್ಡಾಯ ಆಗಿರ್ಲಿಲ್ಲ. ಕೇಂದ್ರ ಸರ್ಕಾರನೇ ಸುಪ್ರೀಂ ಕೋರ್ಟಿಗೆ ಹಂಗೆ ಬರ್ದುಕೊಟ್ಟಿತ್ತು, 2022 ಮೇ 2ರ ತೀರ್ಪಲ್ಲಿ ಕೋರ್ಟೂ ಯಾರಿಗೂ ಬಲವಂತವಾಗಿ ಲಸಿಕೆ ಹಾಕಂಗಿಲ್ಲ ಅಂತು. ಮಕ್ಕಳಿಗೆ ಲಸಿಕೆ ಕೊಡೋ ನೀತಿನ ಎತ್ತಿಹಿಡಿದಿದ್ದೂ ಅದೇ ತೀರ್ಪು, ವಾಟ್ಸಾಪ್ ಪಂಡಿತರು ಆ ಭಾಗ ಓದಲ್ಲ ಅಷ್ಟೇ. ಆದ್ರೆ ಶಾಲೆಗಳು ಸುಮ್ನಿರ್ತಾವಾ, ಮಗಳ ಶಾಲೆ ಗ್ರೂಪಲ್ಲಿ ದಿನಾ ಬೆಳಿಗ್ಗೆ ಸರ್ಟಿಫಿಕೇಟ್ ಕಳಿಸದೇ ಇರೋ ಮಕ್ಕಳ ಲಿಸ್ಟು, ರೋಲ್ ನಂಬರ್ ಸಮೇತ. ಹೆಸರಿಗೆ ಐಚ್ಛಿಕ, ಹಿಂದಿಂದ ತಳ್ಳೋದು, ಇದು ನಂಗೆ ಹಿಡಿಸ್ಲಿಲ್ಲ. ಜಬರ್ದಸ್ತಿ ಮಾಡಿದ್ರೆ ಏನಾಗುತ್ತೆ ಅಂತ ನಮ್ ಪಕ್ಕದ ಪುಣೆ 1897ರ ಪ್ಲೇಗಲ್ಲೇ ನೋಡಿದೆ, ಮನೆಮನೆಗೆ ಸೋಲ್ಜರುಗಳನ್ನ ನುಗ್ಗಿಸಿದ ರ‍್ಯಾಂಡ್ ಸಾಹೇಬನಿಗೆ ಚಾಫೇಕರ್ ಸಹೋದರರು ಗುಂಡು ಹೊಡೆದ್ರು.

ಈಗ ನಿಜವಾದ ವಿಷ್ಯಕ್ಕೆ ಬರ್ತೀನಿ. ನಾವೆಲ್ಲ ಟಿವಿ ಮುಂದೆ ಕೂತು ಕೋವ್ಯಾಕ್ಸಿನ್ನಾ ಕೋರ್ಬೆವ್ಯಾಕ್ಸಾ ಅಂತ ಚರ್ಚೆ ಮಾಡ್ತಿರುವಾಗ ಎಳೆ ಮಕ್ಕಳ ಮಾಮೂಲಿ ಲಸಿಕೆ ಹಿಂದೆ ಬಿತ್ತು. 2022ರ ಕೊನೇಲಿ ನಮ್ಮ ಪಕ್ಕದ ಗೋವಂಡಿಯಲ್ಲಿ ದಡಾರ ಎದ್ದು ಮಕ್ಕಳು ಸತ್ತೇ ಹೋದ್ರು. ನಮ್ಮ ಬಿಲ್ಡಿಂಗಿಗೆ ಕೆಲಸಕ್ಕೆ ಬರ್ತಿದ್ದ ಕಲಬುರಗಿ ಕಡೆ ಹೆಣ್ಮಗಳೊಬ್ಬಳು, ಲಾಕ್‌ಡೌನಲ್ಲಿ ಊರಿಗೆ ಹೋಗಿ ಬಂದೋಳು, ಮಗಂದು ಲಸಿಕೆ ಕಾರ್ಡ್ ತಂದು ತೋರಿಸಿದ್ಲು. ಹುಟ್ಟಿದಾಗಿನ ಸೀಲು, ಮೂರೂವರೆ ತಿಂಗಳವರೆಗಿನ ಸೀಲು ಇದೆ, ದಡಾರದ ಡೋಸು ಬರೋ ಒಂಬತ್ತು ತಿಂಗಳ ಸಾಲಿಂದ ಕೆಳಗೆ ಪೂರ್ತಿ ಖಾಲಿ. “ಆಗ ಬಸ್ಸೇ ಇರ್ಲಿಲ್ರಿ ಅಕ್ಕಾರ, ಇಲ್ಲಿಗಿ ಬಂದ ಮ್ಯಾಲ ಯಾರೂ ಕೇಳ್ಲೂ ಇಲ್ಲ” ಅಂದ್ಲು. ಅವಳು ಲಸಿಕೆ ಬೇಡ ಅಂದೋಳಲ್ಲ ನೋಡಿ, ಇವಳ ಮೇಲೆ ಕಡ್ಡಾಯದ ಕಾನೂನು ಹೇರಿ ಏನು ಪ್ರಯೋಜನ?

ಗಲಾಟೆ ಆದ್ಮೇಲೆ ಪಾಲಿಕೆಯೋರು ಗಲ್ಲಿಗಲ್ಲಿ ಸರ್ವೆ ಮಾಡಿ, 9 ತಿಂಗಳಿಂದ 5 ವರ್ಷದ ಮಕ್ಕಳಿಗೆ ಒಂದು ಡೋಸ್ ಜಾಸ್ತಿ ಹಾಕಿದ್ರು, ರೋಗ ಇದ್ದ ಕಡೆ 6 ತಿಂಗಳ ಕೂಸಿಗೂ ಹಾಕಿದ್ರು. ಈ ಮಾಮೂಲಿ ಲಸಿಕೆ ಹಾಕೋ ಆರೋಗ್ಯ ಸೇವಿಕೆಯರನ್ನ ಕೋವಿಡ್ ಡ್ಯೂಟಿಗೆ ಎಳೆಯೋ ಬದ್ಲು ಅದಕ್ಕೆ ಬೇರೆ ಜನ ಇಟ್ಟಿದ್ರೆ? ಮುಂದಿನ ಸಲ ನೀತಿ ಬರೆಯೋರು ಮೊದಲು ಈ ಲೆಕ್ಕ ಹಾಕ್ಲಿ ಅಂತೀನಿ, ಕಡ್ಡಾಯನಾ ಅಲ್ವಾ ಅನ್ನೋದು ಆಮೇಲೆ.

ನಿಮ್ ಮನೇಲೂ ಪುಟ್ಟ ಮಗು ಇದ್ದು ದಡಾರ-ರುಬೆಲ್ಲಾ ಡೋಸ್ ತಪ್ಪಿದ್ರೆ 5 ವರ್ಷದ ತನಕ ಸರ್ಕಾರಿ ದವಾಖಾನೆಯಲ್ಲಿ ಫ್ರೀ ಹಾಕ್ತಾರೆ, ಕಾರ್ಡ್ ಕಳೆದೋಗಿದ್ರೂ ಹೋಗಿ ಕೇಳಿ.